‘ಮಾತೃಭಾಷೆ’ ಎಂಬ ಕಾಲಂ: ಹೊಸಪೇಟೆ ಸೀಮೆಯಲ್ಲಿ ಶಾಲಾಭಾಷೆಯ ನಿರ್ಣಯ, 1823–2014

ಶಾಲೆಯಲ್ಲಿ ಯಾವ ಭಾಷೆಯಲ್ಲಿ ಕಲಿಸಬೇಕು ಎಂಬುದನ್ನು ನಾವು ಸಾಮಾನ್ಯವಾಗಿ ಆದೇಶಗಳ ಚರಿತ್ರೆಯಾಗಿ ಬರೆಯುತ್ತೇವೆ. ಯಾವ ಸಮಿತಿ ಏನು ಶಿಫಾರಸು ಮಾಡಿತು, ಸರ್ಕಾರ ಎಂದು ಆದೇಶ ಹೊರಡಿಸಿತು, ನ್ಯಾಯಾಲಯ ಅದನ್ನು ಎತ್ತಿಹಿಡಿಯಿತೇ ರದ್ದುಪಡಿಸಿತೇ ಎಂಬುದೇ ಅಂಥ ಬರಹಗಳ ಮೈ. ಆದರೆ ಆದೇಶಕ್ಕೆ ಮೊದಲೇ ನಡೆದುಹೋಗುವ ಒಂದು ಸಣ್ಣ ಕೆಲಸವಿದೆ. ಮಗುವಿನ ಭಾಷೆ ಇಂಥದು ಎಂದು ಯಾರೋ ಒಬ್ಬರು, ಯಾವುದೋ ನಮೂನೆಯ ಒಂದು ಕಾಲಮಿನಲ್ಲಿ, ಒಂದೇ ಪದದಲ್ಲಿ ಬರೆಯುತ್ತಾರೆ. ಆ ಪದ ಬಿದ್ದ ಮೇಲೆ ಶಾಲೆಯ ಮಾಧ್ಯಮ, ಶಿಕ್ಷಕರ ನೇಮಕ, ಪಠ್ಯಪುಸ್ತಕದ ಬೇಡಿಕೆ ಎಲ್ಲವೂ ಅದನ್ನೇ ಆಧಾರವಾಗಿಟ್ಟುಕೊಂಡು ಸಾಗುತ್ತವೆ. ಆ ಪದವನ್ನು ಬರೆಯುವ ಅಧಿಕಾರ ಯಾರದು, ಬರೆದ ಪದಕ್ಕೂ ಮಗುವಿನ ಬಾಯಲ್ಲಿರುವ ಮಾತಿಗೂ ಇರುವ ಸಂಬಂಧ ಏನು ಎಂಬ ಎರಡು ಪ್ರಶ್ನೆಗಳನ್ನು ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಸೀಮೆಯನ್ನು ಮುಂದಿಟ್ಟುಕೊಂಡು ಇಲ್ಲಿ ಪರಿಶೀಲಿಸುತ್ತೇವೆ.

ನಮ್ಮ ವಾದ ಇಷ್ಟು. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಈ ಸೀಮೆಯ ಶಾಲೆಗಳ ಬಗ್ಗೆ ಕಳುಹಿಸಿದ ವರದಿಯಲ್ಲಿ ಎರಡು ಬಗೆಯ ತಿಳಿವಳಿಕೆ ಇತ್ತು: ಭಾಷಾವಾರು ಶಾಲೆಗಳ ಎಣಿಕೆ ಒಂದು, ಓದುವ ಭಾಷೆಗೂ ಆಡುವ ಭಾಷೆಗೂ ಇರುವ ಅಂತರದ ಗ್ರಹಿಕೆ ಇನ್ನೊಂದು. ಆಡಳಿತ ಎಣಿಕೆಯನ್ನು ಉಳಿಸಿಕೊಂಡು ಬೆಳೆಸಿತು. ಅಂತರದ ಗ್ರಹಿಕೆಗೆ ಮುಂದಿನ ಮುಖ್ಯ ನಿರ್ಣಯಗಳಲ್ಲಿ ನೆಲೆ ದೊರೆಯಲಿಲ್ಲ. ಭಾಷಾವಿಜ್ಞಾನಿಗಳಿಗೆ ಇದು ಸಂಬಂಧಪಡದ ಆಡಳಿತದ ಕಥೆಯಲ್ಲ. ಆ ಕಲೆಕ್ಟರ್ ಸ್ವತಃ ವ್ಯಾಕರಣಕಾರರಾಗಿದ್ದರು.

ಈ ಸೀಮೆಯ ರಾಜಕೀಯ ಭೂಗೋಳವನ್ನು ಮೊದಲು ನೆನಪಿಸಿಕೊಳ್ಳಬೇಕು. 1800ರಲ್ಲಿ ಹೈದರಾಬಾದಿನ ನಿಜಾಮರು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ದತ್ತ ಜಿಲ್ಲೆಗಳಲ್ಲಿ ಬಳ್ಳಾರಿಯೂ ಸೇರಿತ್ತು. ಹೊಸಪೇಟೆ, ಹಂಪಿ, ಕಂಪ್ಲಿಗಳು ಹೀಗೆ ಮದರಾಸು ಪ್ರಾಂತಕ್ಕೆ ಬಂದವು. ಹಂಪಿಯ ಎದುರು ದಡದ ಆನೆಗೊಂದಿ, ಕಂಪ್ಲಿಯ ಎದುರು ದಡದ ಗಂಗಾವತಿ ಸೀಮೆ ನಿಜಾಮರ ಆಳ್ವಿಕೆಯಲ್ಲೇ ಉಳಿದವು. ಗುಡ್ಡಗಳ ನಡುವಣ ಸಂಡೂರು ಘೋರ್ಪಡೆ ಮನೆತನದ ಸಂಸ್ಥಾನ. ಆಳುವವರ ಮನೆಮಾತು ಮರಾಠಿ, ಪ್ರಜೆಗಳಲ್ಲಿ ಬಹುಸಂಖ್ಯಾತರದು ಕನ್ನಡ. ಹೊಸಪೇಟೆಯಿಂದ ಒಂದು ದಿನದ ನಡಿಗೆಯ ದೂರದಲ್ಲಿ ಮೂರು ಆಡಳಿತಗಳಿದ್ದವು. ಹಾಗೆಯೇ, 1823ರ ಬಳ್ಳಾರಿ ಜಿಲ್ಲೆ ಇಂದಿನದಲ್ಲ. 1882ರಲ್ಲಿ ಅನಂತಪುರ ಜಿಲ್ಲೆ ಬೇರೆಯಾಗುವವರೆಗೆ ಅದರ ಪೂರ್ವದ ಮೈ ತೆಲುಗು ನಾಡಿನೊಳಗೆ ಚಾಚಿಕೊಂಡಿತ್ತು. ಆ ಕಾಲದ ಅಂಕಿಗಳನ್ನು ಓದುವಾಗ ಇದನ್ನು ಮರೆತರೆ ಎಡವಟ್ಟಾಗುತ್ತದೆ.

ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರ ಜೂನ್ 25ರ ತಮ್ಮ ಟಿಪ್ಪಣಿಯಲ್ಲಿ ಪ್ರಾಂತದ ದೇಶೀಯ ಶಾಲೆಗಳ ಸ್ಥಿತಿಯನ್ನು ತಿಳಿಯಬೇಕೆಂದು ಸೂಚಿಸಿದರು. ಕಂದಾಯ ಮಂಡಳಿಯ ಮೂಲಕ ಪ್ರಶ್ನೆಗಳು ಕಲೆಕ್ಟರುಗಳಿಗೆ ಹೋದವು. ಮನ್ರೋ ಈ ಸೀಮೆಗೆ ಹೊಸಬರಲ್ಲ; ದತ್ತ ಜಿಲ್ಲೆಗಳ ಪ್ರಧಾನ ಕಲೆಕ್ಟರಾಗಿ ಇಲ್ಲಿ ಕಂದಾಯ ವ್ಯವಸ್ಥೆಯನ್ನು ಕಟ್ಟಿದವರೇ ಅವರು. ಶಾಲೆಗಳ ವಿಚಾರಣೆಗೂ ಕಂದಾಯದ ದಾರಿಯೇ ಒದಗಿತು. ಕಳುಹಿಸಿದ ನಮೂನೆ ಮಕ್ಕಳನ್ನು ಜಾತಿ ಮತ್ತು ಲಿಂಗದ ಪ್ರಕಾರ ವಿಂಗಡಿಸುವಂಥದು: ಬ್ರಾಹ್ಮಣ, ವೈಶ್ಯ, ಶೂದ್ರ, ಇತರ ಜಾತಿಗಳು, ಮುಸಲ್ಮಾನರು, ಗಂಡು, ಹೆಣ್ಣು. ಮಗುವಿನ ಭಾಷೆಯನ್ನು ಆ ನಮೂನೆ ಕೇಳಲಿಲ್ಲ.

ಬಳ್ಳಾರಿಯಿಂದ ಉತ್ತರ ಬರೆದವರು ಎ. ಡಿ. ಕ್ಯಾಂಪ್‌ಬೆಲ್. ದ್ರಾವಿಡ ಭಾಷಾಧ್ಯಯನದ ಚರಿತ್ರೆ ಬಲ್ಲವರಿಗೆ ಈ ಹೆಸರು ಪರಿಚಿತ. 1816ರಲ್ಲಿ ಮದರಾಸಿನಲ್ಲಿ ಪ್ರಕಟವಾದ ಅವರ ತೆಲುಗು ವ್ಯಾಕರಣದ ಪೀಠಿಕೆಗೆ ಜೋಡಿಸಿದ ಟಿಪ್ಪಣಿಯಲ್ಲಿಯೇ ಎಫ್. ಡಬ್ಲ್ಯು. ಎಲ್ಲಿಸ್ ಅವರು ತಮಿಳು, ತೆಲುಗು, ಕನ್ನಡಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ತಮ್ಮದೇ ಆದ ಒಂದು ಕುಟುಂಬಕ್ಕೆ ಸೇರಿದವು ಎಂದು ಧಾತುಗಳ ಹೋಲಿಕೆಯಿಂದ ತೋರಿಸಿದ್ದು. ಕಾಲ್ಡ್‌ವೆಲ್‌ಗಿಂತ ನಾಲ್ಕು ದಶಕ ಮೊದಲಿನ ಮಾತು. ಸೇಂಟ್ ಜಾರ್ಜ್ ಕೋಟೆಯ ಕಾಲೇಜಿನ ಮಂಡಳಿಗೆ ಕಾರ್ಯದರ್ಶಿಯಾಗಿದ್ದ ಕ್ಯಾಂಪ್‌ಬೆಲ್ ತೆಲುಗು ನಿಘಂಟನ್ನೂ ಸಿದ್ಧಪಡಿಸಿದ್ದರು. ಕಂದಾಯದ ಅಧಿಕಾರಿಯೊಬ್ಬರು ಶಾಲೆಗಳ ಪಟ್ಟಿ ಮಾಡುವುದಕ್ಕೂ ವ್ಯಾಕರಣಕಾರರೊಬ್ಬರು ಮಾಡುವುದಕ್ಕೂ ವ್ಯತ್ಯಾಸವಿದೆ. 1823ರ ಆಗಸ್ಟ್ 17ರ ಅವರ ವರದಿಯಲ್ಲಿ ಈ ಇಬ್ಬರೂ ಇದ್ದಾರೆ.

ಅಂಕಿಗಳನ್ನು ಮೊದಲು ನೋಡೋಣ. ಜಿಲ್ಲೆಯ ಜನಸಂಖ್ಯೆ 9,27,857. ಶಾಲೆಗಳು 533, ಓದುವ ಮಕ್ಕಳು 6,641. ಅಂದರೆ ಶಾಲೆಗೆ ಹನ್ನೆರಡು ಚಿಲ್ಲರೆ ಮಕ್ಕಳು, ಸಾವಿರ ಜನರಿಗೆ ಏಳರಷ್ಟು. ಇವರಲ್ಲಿ ಹಿಂದೂ ಮಕ್ಕಳು 6,398, ಮುಸಲ್ಮಾನರ ಮಕ್ಕಳು 243. ಹೆಣ್ಣುಮಕ್ಕಳು ಬರೀ 60. ಇಷ್ಟು ನಮೂನೆ ಕೇಳಿದ್ದು. ಇದರ ಜೊತೆಗೆ ಕ್ಯಾಂಪ್‌ಬೆಲ್ ಭಾಷೆಯ ವಿಂಗಡಣೆಯನ್ನೂ ಕೊಟ್ಟರು: ಕನ್ನಡ ಶಾಲೆಗಳು 235, ತೆಲುಗು 226, ಮರಾಠಿ 23, ಸಂಸ್ಕೃತ 23, ಪರ್ಷಿಯನ್ 21, ತಮಿಳು 4, ಇಂಗ್ಲಿಷ್ 1. ಕನ್ನಡಕ್ಕೂ ತೆಲುಗಿಗೂ ನಡುವೆ ಒಂಬತ್ತೇ ಶಾಲೆಗಳ ಅಂತರ. ನಂತರದ ಗಡಿ ವಿವಾದಗಳ ದೃಷ್ಟಿಯಿಂದ ಈ ಒಂಬತ್ತನ್ನು ಓದುವ ಆಸೆ ಯಾರಿಗಾದರೂ ಆಗಬಹುದು. ಆದರೆ ಇದು ಶಾಲೆಯ ಭಾಷೆಯ ಲೆಕ್ಕ, ಮಕ್ಕಳ ಭಾಷೆಯ ಲೆಕ್ಕವಲ್ಲ. ಪರ್ಷಿಯನ್ ಶಾಲೆಗೆ ಹೋಗುವ ಮಗು ಮನೆಯಲ್ಲಿ ಪರ್ಷಿಯನ್ ಆಡುತ್ತಿತ್ತೆಂದು ಕ್ಯಾಂಪ್‌ಬೆಲ್ ಭಾವಿಸಲಿಲ್ಲ, ಸಂಸ್ಕೃತದ ವಿಷಯದಲ್ಲೂ ಭಾವಿಸಲಿಲ್ಲ. ಕನ್ನಡ, ತೆಲುಗುಗಳ ವಿಷಯದಲ್ಲಿಯೂ ಅವರು ಹಾಗೆ ಭಾವಿಸಲಿಲ್ಲ ಎಂಬುದೇ ಈ ವರದಿಯ ವಿಶೇಷ.

ವರದಿಯ ವಿವರಣೆ ಶಾಲೆಯೊಳಗೆ ಇಳಿಯುತ್ತದೆ. ಐದನೆಯ ವಯಸ್ಸಿನಲ್ಲಿ ಅಕ್ಷರಾಭ್ಯಾಸ. ಬೆಳಗಿನ ಆರಕ್ಕೆ ಮಠ ತೆರೆಯುತ್ತದೆ. ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಆಮೇಲೆ ಬಂದವರಿಗೆ ಬಂದ ಕ್ರಮದಲ್ಲಿ ಏರುತ್ತ ಹೋಗುವ ಛಡಿಯೇಟು. ಮುಂದಿರುವ ಹುಡುಗರು ಹಿಂದಿರುವವರಿಗೆ ಕಲಿಸುತ್ತಾರೆ. ಇಂಗ್ಲೆಂಡ್ ಈ ಪದ್ಧತಿಯನ್ನು ಅನುಕರಿಸಿದ್ದು ಯೋಗ್ಯವೇ ಎಂದು ಕಲೆಕ್ಟರ್ ಒಪ್ಪುತ್ತಾರೆ. ಅಕ್ಷರಗಳನ್ನು ಮೊದಲು ಮರಳಿನ ಮೇಲೆ ಬೆರಳಿನಿಂದ ತಿದ್ದುವುದು, ಆಮೇಲೆ ಹಲಗೆ ಇಲ್ಲವೆ ಕಡತದ ಮೇಲೆ ಬರೆಯುವುದು. ಬಟ್ಟೆಗೆ ಗಂಜಿ ಕೊಟ್ಟು ಗಟ್ಟಿ ಮಾಡಿ, ಪುಸ್ತಕದಂತೆ ಮಡಿಚಿ, ಇದ್ದಿಲುಪುಡಿ ಮತ್ತು ಅಂಟುಗಳ ಮಿಶ್ರಣ ಬಳಿದು ತಯಾರಿಸಿದ ಈ ಕಡತ ಮಕ್ಕಳ ಸ್ಲೇಟು. ಪದದ ಅರ್ಥ ಹೇಗೆ ಸರಿಯಿತು ನೋಡಿ: ಇಂದು ಕಡತವೆಂದರೆ ಕಚೇರಿಯ ಫೈಲು.

ಪಠ್ಯಗಳ ಪಟ್ಟಿಯೂ ಇದೆ. ರಾಮಾಯಣ, ಮಹಾಭಾರತ, ಭಾಗವತಗಳು ಎಲ್ಲರಿಗೂ; ಲಿಂಗಾಯತರ ಮಕ್ಕಳಿಗೆ ಬಸವಪುರಾಣ, ಚೆನ್ನಬಸವಪುರಾಣ, ಗಿರಿಜಾಕಲ್ಯಾಣ, ರಾಘವಾಂಕನ ಕಾವ್ಯ, ಅನುಭವಾಮೃತ. ಹರಿಹರ, ರಾಘವಾಂಕರು ಹಂಪೆಯ ಕವಿಗಳೆಂಬುದನ್ನು ಇಲ್ಲಿ ನೆನೆಯಬೇಕು: ಕಾವ್ಯ ಹುಟ್ಟಿದ ಸೀಮೆಯಲ್ಲೇ, ಆರು ಶತಮಾನಗಳ ನಂತರವೂ ಅದು ಕೂಲಿಮಠದ ಪಠ್ಯವಾಗಿತ್ತು. ವ್ಯಾಕರಣ ಮತ್ತು ನಿಘಂಟುಗಳಲ್ಲಿ ಶಬ್ದಮಣಿದರ್ಪಣ, ಅಮರಕೋಶ, ಆಂಧ್ರನಾಮಸಂಗ್ರಹಗಳ ಹೆಸರಿವೆ. ಇವೇ ಅತ್ಯಂತ ಅವಶ್ಯವಾದ ಪುಸ್ತಕಗಳಾದರೂ ಹಸ್ತಪ್ರತಿಯ ಬೆಲೆ ಮತ್ತು ಅಯ್ಯಗಳ ಬಡತನದಿಂದಾಗಿ ಶಾಲೆಗಳಲ್ಲಿ ಅತ್ಯಂತ ಅಪರೂಪ, ಇರುವ ಪ್ರತಿಗಳಲ್ಲೂ ಲಿಪಿಕಾರರ ತಪ್ಪುಗಳೇ ತುಂಬಿವೆ ಎಂದು ವರದಿ ಹೇಳುತ್ತದೆ.

ಇದಾದ ಮೇಲೆ ಬರುವ ಮಾತು ನಮಗೆ ಮುಖ್ಯ. ಶಾಲೆಯ ಪುಸ್ತಕಗಳು ಪದ್ಯದಲ್ಲಿವೆ. ಅವುಗಳ ಭಾಷೆ ಮಾತುಕತೆಯ, ವ್ಯವಹಾರದ ಭಾಷೆಗಿಂತ ತೀರ ಬೇರೆ. ಎರಡಕ್ಕೂ ಲಿಪಿ ಒಂದೇ ಆದುದರಿಂದ ಒಂದನ್ನು ಓದಬಲ್ಲವನು ಇನ್ನೊಂದನ್ನೂ ಓದಬಲ್ಲ, ಆದರೆ ಅರ್ಥ ಮಾಡಿಕೊಳ್ಳಲಾರ. ಹುಡುಗ ನೂರಾರು ಪದ್ಯಗಳನ್ನು ಒಪ್ಪಿಸುತ್ತಾನೆ. ಅವುಗಳ ತಾತ್ಪರ್ಯ ಅವನಿಗೆ ಗಿಳಿಗೆ ತಿಳಿದಷ್ಟೇ ತಿಳಿದಿರುತ್ತದೆ. ಗಿಳಿಪಾಠ ಎಂಬ ನಮ್ಮ ಹಳೆಯ ಮಾತನ್ನೇ ಕಲೆಕ್ಟರ್ ಇಂಗ್ಲಿಷಿನಲ್ಲಿ ಬರೆದಂತಿದೆ. ಫರ್ಗ್ಯುಸನ್ 1959ರಲ್ಲಿ ‘ಡೈಗ್ಲಾಸಿಯ’ ಎಂದು ಹೆಸರಿಟ್ಟು ಕರೆದ ಸ್ಥಿತಿಯ ಶಾಲಾ ಪರಿಣಾಮವನ್ನು ಇಲ್ಲಿ ಒಂದೂಕಾಲು ಶತಮಾನ ಮೊದಲೇ ಗುರುತಿಸಲಾಗಿದೆ. ಪರಿಹಾರವನ್ನೂ ಕ್ಯಾಂಪ್‌ಬೆಲ್ ಸೂಚಿಸಿದರು: ಪದ್ಯವನ್ನು ಸರಳ ಗದ್ಯಕ್ಕೆ ತರಬೇಕು, ತಿದ್ದಿದ ಪುಸ್ತಕಗಳನ್ನು ಒದಗಿಸಬೇಕು, ಸರ್ಕಾರ ಶಾಲೆಗೆ ನೆರವಾಗಬೇಕು. 533 ಶಾಲೆಗಳಲ್ಲಿ ಒಂದಕ್ಕೂ ಸರ್ಕಾರದ ನೆರವಿಲ್ಲವೆಂದು ಬರೆಯಲು ನಾಚಿಕೆಯಾಗುತ್ತದೆ ಎಂದರು. ಇಂಗ್ಲೆಂಡಿನ ಬಟ್ಟೆ ಬಂದು ಇಲ್ಲಿನ ನೇಕಾರರ, ಕುಶಲಕರ್ಮಿಗಳ ದುಡಿಮೆ ಕುಗ್ಗಿದ್ದೂ ಶಾಲೆಗಳ ಕ್ಷೀಣತೆಗೆ ಕಾರಣ ಎಂದರು. ಕಂಪನಿಯ ನೌಕರರೊಬ್ಬರಿಂದ ಬಂದ ಈ ಮಾತಿಗಾಗಿಯೇ ರಾಷ್ಟ್ರೀಯ ಚಳವಳಿಯ ಕಾಲದಿಂದ ಧರ್ಮಪಾಲರವರೆಗೆ ಈ ವರದಿ ಮತ್ತೆ ಮತ್ತೆ ಉಲ್ಲೇಖಗೊಂಡಿದೆ. ಅದರ ಭಾಷಾವೈಜ್ಞಾನಿಕ ಭಾಗವನ್ನು ಆ ಚರ್ಚೆಗಳು ಅಷ್ಟಾಗಿ ಮುಟ್ಟಲಿಲ್ಲ.

ಮದರಾಸಿನಲ್ಲಿ ಈ ವರದಿ ಇತರ ವರದಿಗಳೊಂದಿಗೆ ಒಂದು ಕೋಷ್ಟಕವಾಯಿತು. 1826ರ ಮಾರ್ಚ್ 10ರ ಟಿಪ್ಪಣಿಯಲ್ಲಿ ಮನ್ರೋ ಪ್ರಾಂತದ ಒಟ್ಟು ಲೆಕ್ಕ ಕೊಟ್ಟರು: 1,28,50,941 ಜನರಿಗೆ 12,498 ಶಾಲೆಗಳು. ಪ್ರತಿ ಕಲೆಕ್ಟರ್ ವ್ಯಾಪ್ತಿಯಲ್ಲಿ ಎರಡು ಪ್ರಧಾನ ಶಾಲೆ, ಪ್ರತಿ ತಹಶೀಲಿಗೆ ಒಂದು ಶಾಲೆ ಎಂಬ ಯೋಜನೆ ಅದೇ ಟಿಪ್ಪಣಿಯಲ್ಲಿದೆ. ಪ್ರಧಾನ ಶಾಲೆಗಳಲ್ಲಿ ಒಂದು ಹಿಂದೂಗಳಿಗೆ, ಒಂದು ಮುಸಲ್ಮಾನರಿಗೆ. ಶಾಲೆಯ ಘಟಕ ಕಂದಾಯದ ಘಟಕವೇ ಆಯಿತು. ಮಕ್ಕಳ ವಿಂಗಡಣೆ ಮತದ ವಿಂಗಡಣೆ ಆಯಿತು. ಬಳ್ಳಾರಿಯ ವರದಿ ಎತ್ತಿದ ಪ್ರಶ್ನೆ, ಕನ್ನಡ ಶಾಲೆಯ ಕನ್ನಡ ಯಾರ ಕನ್ನಡ ಎಂಬುದು, ಸರಾಸರಿಗಳ ಕೆಳಗೆ ಸಿಕ್ಕಿಹಾಕಿಕೊಂಡಿತು. ಕೋಷ್ಟಕ ಸುಳ್ಳು ಹೇಳಲಿಲ್ಲ. ಕೂಡಿಸಲು ಬರುವುದನ್ನು ಮಾತ್ರ ಅದು ತೆಗೆದುಕೊಂಡಿತು. ಮನ್ರೋ 1827ರಲ್ಲಿ ತೀರಿಕೊಂಡರು, ತಹಶೀಲ್ದಾರಿ ಶಾಲೆಗಳನ್ನು 1836ರಲ್ಲಿ ಮುಚ್ಚಲಾಯಿತು.

ಮುಂದಿನ ನೂರು ವರ್ಷಗಳ ವಿವರಕ್ಕೆ ಇಲ್ಲಿ ಹೋಗುವುದಿಲ್ಲ. 1854ರ ವುಡ್ ನಿರೂಪದ ನಂತರ ಮದರಾಸಿನಲ್ಲಿ ಶಿಕ್ಷಣ ಇಲಾಖೆ, ಆಮೇಲೆ ಸ್ಥಳೀಯ ಮಂಡಳಿಗಳು, 1920ರ ಪ್ರಾಥಮಿಕ ಶಿಕ್ಷಣ ಕಾಯ್ದೆ. ಇದು ತಿಳಿದ ಕಥೆ. ಒಂದು ಸಂಗತಿಯನ್ನಷ್ಟೇ ಗಮನಿಸೋಣ. ಕ್ಯಾಂಪ್‌ಬೆಲ್ ಕೇಳಿದ ಗದ್ಯ ಬಂದಿತು. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತಂದರು, ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ, 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಪ್ರಕಟಿಸಿದರು. ಶತಮಾನ ಮುಗಿಯುವಷ್ಟರಲ್ಲಿ ಮಂಗಳೂರು, ಮೈಸೂರು, ಧಾರವಾಡಗಳಲ್ಲಿ ಶಾಲಾ ಗದ್ಯ ರೂಪುಗೊಂಡಿತು. ಆದರೆ ಹೀಗೆ ಬಂದದ್ದು ಇನ್ನೊಂದು ಶಿಷ್ಟ ರೂಪ. ಈ ಸೀಮೆಯ ಮಗು ‘ಮನ್ಯಾಗ’ ಎನ್ನುತ್ತದೆ, ಪುಸ್ತಕ ‘ಮನೆಯಲ್ಲಿ’ ಎನ್ನುತ್ತದೆ. ಪದ್ಯದ ದೂರ ಕಡಿಮೆಯಾಯಿತು, ದೂರವೇ ಇಲ್ಲವೆಂಬ ಊಹೆ ಆ ಜಾಗದಲ್ಲಿ ಬಂದು ಕುಳಿತಿತು.

ನದಿಯ ಆಚೆ ದಡದಲ್ಲಿ ಇದೇ ಪ್ರಶ್ನೆ ಬೇರೆ ಉತ್ತರ ಕಂಡಿತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉನ್ನತ ಶಿಕ್ಷಣಕ್ಕೆ ಉರ್ದುವನ್ನು ಮಾಧ್ಯಮವಾಗಿ ತೆಗೆದುಕೊಂಡಿತು. ಭಾರತೀಯ ಭಾಷೆಯೊಂದನ್ನು ವಿಶ್ವವಿದ್ಯಾಲಯದ ಮಟ್ಟಕ್ಕೆ ಏರಿಸಿದ ಸಾಹಸವೆಂದು ಅದನ್ನು ಹೊಗಳುವವರಿದ್ದಾರೆ, ಹೊಗಳಿಕೆಗೆ ಕಾರಣವೂ ಇದೆ. ಆದರೆ ಪ್ರೌಢಶಾಲೆಗಳು ವಿಶ್ವವಿದ್ಯಾಲಯದ ಕಡೆಗೆ ಮುಖ ಮಾಡುತ್ತವೆ. ಹೀಗಾಗಿ ಗಂಗಾವತಿ ಕಡೆಯ ಕನ್ನಡದ ಹುಡುಗ ಮೇಲಿನ ತರಗತಿಗೆ ಹೋಗಬೇಕಾದರೆ ಉರ್ದುವಿನ ಮೂಲಕವೇ ಹೋಗಬೇಕಾಗಿತ್ತು. ಕಂಪ್ಲಿಯ ಹುಡುಗನಿಗೆ ಅದೇ ಹಂತದಲ್ಲಿ ಇಂಗ್ಲಿಷ್ ಎದುರಾಗುತ್ತಿತ್ತು. ಆಡುವ ಮಾತು ಎರಡೂ ದಡಗಳಲ್ಲಿ ಒಂದೇ. 371ಜೆ ವಿಧಿಯ ಹೈದರಾಬಾದ್ ಕರ್ನಾಟಕಕ್ಕೆ ಬಳ್ಳಾರಿಯನ್ನೂ ಸೇರಿಸಿದಾಗ ಎರಡು ದಡಗಳೂ ಒಂದೇ ಆಡಳಿತ ವರ್ಗದೊಳಗೆ ಬಂದವು. ಬಳ್ಳಾರಿ 1800ರ ನಂತರ ಹೈದರಾಬಾದಿನ ಆಳ್ವಿಕೆಯಲ್ಲಿರಲೇ ಇಲ್ಲ ಎಂಬುದು ಅದಕ್ಕೆ ಅಡ್ಡಿಯಾಗಲಿಲ್ಲ.

1949ರ ಏಪ್ರಿಲ್ 1ರಂದು ಸಂಡೂರು ಸಂಸ್ಥಾನ ಮದರಾಸು ಪ್ರಾಂತದಲ್ಲಿ ವಿಲೀನವಾಯಿತು. ಅದೇ ವರ್ಷ ಆಗಸ್ಟಿನಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಂದು ಸೂತ್ರವನ್ನು ಒಪ್ಪಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯೇ ಮಾಧ್ಯಮ. ಅದು ರಾಜ್ಯದ ಭಾಷೆಗಿಂತ ಬೇರೆಯಾಗಿದ್ದರೆ, ಇಡೀ ಶಾಲೆಯಲ್ಲಿ ಆ ಭಾಷೆಯ 40 ಮಕ್ಕಳು ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಒಬ್ಬ ಶಿಕ್ಷಕರನ್ನು ನೇಮಿಸಬೇಕು. ಭಾಷಾ ಅಲ್ಪಸಂಖ್ಯಾತರ ಹಕ್ಕು ಎಂಬ ನುಡಿಗಟ್ಟು ನಂತರದ್ದು; ಈ ಎರಡು ಸಂಖ್ಯೆಗಳು ಮೊದಲು ಬಂದವು. 1956ರಲ್ಲಿ ಸಂವಿಧಾನಕ್ಕೆ 350ಎ ವಿಧಿ ಸೇರಿದಾಗ ಅದು ‘ಸಾಕಷ್ಟು ಸೌಲಭ್ಯ’ ಎಂದಿತು, ಸಾಕಷ್ಟು ಎಂದರೆ ಎಷ್ಟೆಂಬುದಕ್ಕೆ ಹಳೆಯ 10 ಮತ್ತು 40 ಕೈಗೆ ಸಿಕ್ಕವು. ಕಂಪ್ಲಿಯಂಥ ಊರಿನಲ್ಲಿ ಇದರ ಅರ್ಥವನ್ನು ಯೋಚಿಸಬೇಕು. ತುಂಗಭದ್ರಾ ಕಾಲುವೆಗಳ ನೀರು ಹರಿದ ಮೇಲೆ ಆಂಧ್ರದ ಕಡೆಯ ರೈತ ಕುಟುಂಬಗಳು ಬಂದು ನೆಲೆಸಿದ ಕ್ಯಾಂಪುಗಳು ಈ ಬಯಲಿನಲ್ಲಿ ಚದುರಿಕೊಂಡಿವೆ. ತರಗತಿಯಲ್ಲಿ ಒಂಬತ್ತು ತೆಲುಗು ಮಕ್ಕಳಿದ್ದರೆ ಸೂತ್ರದ ಮಟ್ಟಿಗೆ ತೆಲುಗಿಲ್ಲ. ಕ್ಯಾಂಪುಗಳ ತೆಲುಗು ಕರಾವಳಿ ಆಂಧ್ರದ್ದು, ಬಳ್ಳಾರಿಯ ಹಳೆಯ ತೆಲುಗು ಮನೆತನಗಳದು ರಾಯಲಸೀಮೆಯ ಬಗೆಯದು. ಕಾಲಮಿನಲ್ಲಿ ಎರಡೂ ಒಂದೇ ಪದ.

ಹೊಸಪೇಟೆಯ ಶಾಲೆಗಳ ಭಾಷೆ ಕನ್ನಡವಾಗಿ ಉಳಿದದ್ದೂ ಆಕಸ್ಮಿಕಕ್ಕೆ ಹತ್ತಿರವಾದ ಸಂಗತಿ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಆಲೂರು, ಆದೋನಿ, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೂ ಉಳಿದವು ಮೈಸೂರಿಗೂ ಹೋದವು. ಬಳ್ಳಾರಿ ತಾಲ್ಲೂಕಿನ ವಿಷಯ ಇತ್ಯರ್ಥವಾಗದೆ ನ್ಯಾಯಮೂರ್ತಿ ಎಲ್. ಎಸ್. ಮಿಶ್ರಾ ವಿಚಾರಣೆ ನಡೆಸಬೇಕಾಯಿತು. ಅವರು ಮೈಸೂರಿನ ಪರವಾಗಿ ವರದಿ ಕೊಟ್ಟರು. ಹೊಸಪೇಟೆಯ ಬಗ್ಗೆ ಆಗ ಯಾರಿಗೂ ಸಂಶಯ ಇರಲಿಲ್ಲ. ಆದರೆ ಎರಡೇ ವರ್ಷದಲ್ಲಿ, 1955ರಲ್ಲಿ, ರಾಜ್ಯ ಪುನರ್ವಿಂಗಡಣಾ ಆಯೋಗ ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ತಾಲ್ಲೂಕುಗಳನ್ನೂ ಮಲ್ಲಾಪುರ ಉಪತಾಲ್ಲೂಕಿನ ಒಂದು ಭಾಗವನ್ನೂ ಆಂಧ್ರಕ್ಕೆ ಕೊಡಬೇಕೆಂದು ಶಿಫಾರಸು ಮಾಡಿತು. ಮುಖ್ಯ ಕಾರಣ ತುಂಗಭದ್ರಾ ಯೋಜನೆ: ಅಣೆಕಟ್ಟೂ ಕಾಲುವೆಯೂ ರಾಯಲಸೀಮೆಗೆ ಬೇಕಾದವು. ಆಗ ಕಂಪ್ಲಿಯೂ ಹಂಪಿಯೂ ಹೊಸಪೇಟೆ ತಾಲ್ಲೂಕಿನಲ್ಲೇ ಇದ್ದವು. ಶಿಫಾರಸು ಅಂಗೀಕಾರವಾಗಿದ್ದರೆ ಈ ಊರುಗಳ ಕನ್ನಡದ ಮಕ್ಕಳು ಮರುವರ್ಷವೇ 10–40ರ ಸೂತ್ರದಡಿ ತಮ್ಮ ತಲೆ ಎಣಿಸಿಕೊಳ್ಳಬೇಕಾಗುತ್ತಿತ್ತು. ಆಂಧ್ರಕ್ಕೆ ಹೋದ ರಾಯದುರ್ಗ, ಆದೋನಿಗಳ ಕನ್ನಡಿಗರ ಪಾಲಿಗೆ ಬಂದದ್ದು ಅದೇ. ಕನ್ನಡಿಗರ ತೀವ್ರ ವಿರೋಧದ ನಂತರ ಶಿಫಾರಸಿನ ಈ ಭಾಗವನ್ನು ಕೈಬಿಡಲಾಯಿತು, 1956ರ ಕಾಯ್ದೆಯಲ್ಲಿ ಈ ತಾಲ್ಲೂಕುಗಳು ಮೈಸೂರಿನಲ್ಲೇ ಉಳಿದವು. ಶಾಲಾಭಾಷೆಯ ಮೇಲೆ ಇದಕ್ಕಿಂತ ದೊಡ್ಡ ಪರಿಣಾಮ ಬೀರಬಹುದಾಗಿದ್ದ ನಿರ್ಣಯ ಈ ಸೀಮೆಯ ಚರಿತ್ರೆಯಲ್ಲಿ ಮತ್ತೊಂದಿಲ್ಲ, ಅದರ ಕೇಂದ್ರದಲ್ಲಿದ್ದ ಪ್ರಶ್ನೆ ನೀರಿನದು.

ನಂತರದ ದಶಕಗಳಲ್ಲಿ ನಿರ್ಣಯದ ಸ್ಥಳ ಬೆಂಗಳೂರು, ದೆಹಲಿಗಳಿಗೆ ಸರಿಯಿತು. 1980ರಲ್ಲಿ ನೇಮಕವಾದ ಗೋಕಾಕ್ ಸಮಿತಿ ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕೆಂದಿತು. ಚಳವಳಿಯ ಒತ್ತಡದಲ್ಲಿ 1982ರ ಜುಲೈ 20ರ ಆದೇಶ ಹೊರಬಂದಿತು. 1989ರಲ್ಲಿ ಉಚ್ಚ ನ್ಯಾಯಾಲಯದ ಪೂರ್ಣಪೀಠ ಅದರ ಮುಖ್ಯ ಭಾಗಗಳನ್ನು ತಳ್ಳಿಹಾಕಿತು. 1994ರ ಏಪ್ರಿಲ್ 29ರ ಆದೇಶ ಒಂದರಿಂದ ನಾಲ್ಕನೆಯ ತರಗತಿಯವರೆಗೆ ‘ಮಾತೃಭಾಷೆ ಅಥವಾ ಕನ್ನಡ’ ಮಾಧ್ಯಮವಾಗಿರಬೇಕೆಂದಿತು. ಇದರಲ್ಲಿನ ‘ಅಥವಾ’ ಎಂಬ ಪದ ಗಮನಾರ್ಹ: ಅದರ ಬಲಗಡೆ ಒಂದು ಭಾಷೆಯ ಹೆಸರಿದೆ, ಎಡಗಡೆ ಇನ್ನೂ ಯಾರೋ ಬರೆಯಬೇಕಾದ ಖಾಲಿ ಜಾಗವಿದೆ. ಅದನ್ನು ಯಾರು ತುಂಬಬೇಕು ಎಂಬುದೇ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠದ ಮುಂದಿದ್ದ ಮೊದಲ ಪ್ರಶ್ನೆ. 2014ರ ಮೇ 6ರ ತೀರ್ಪು ಉತ್ತರ ಕೊಟ್ಟಿತು. ಸಂವಿಧಾನದ ಸಂದರ್ಭದಲ್ಲಿ ಮಾತೃಭಾಷೆಯೆಂದರೆ ಆಯಾ ರಾಜ್ಯದ ಭಾಷಾ ಅಲ್ಪಸಂಖ್ಯಾತರ ಭಾಷೆ. ಮಗುವಿನ ಮಾತೃಭಾಷೆ ಯಾವುದೆಂದು ನಿರ್ಧರಿಸುವವರು ತಂದೆತಾಯಿ ಅಥವಾ ಪೋಷಕರು. ರಾಜ್ಯ ಮಾತೃಭಾಷಾ ಮಾಧ್ಯಮವನ್ನು ಹೇರುವಂತಿಲ್ಲ.

ಭಾಷಾವಿಜ್ಞಾನಿಗಳು ಈ ಉತ್ತರದಿಂದ ತುಸು ಮುಜುಗರಪಟ್ಟರೆ ಸಹಜ. ಮಾತೃಭಾಷೆ ಪ್ರಯೋಗದಿಂದ ಕಾಣಬೇಕಾದದ್ದು ಎಂದು ನಾವು ಹೇಳುತ್ತೇವೆ. ನ್ಯಾಯಾಲಯ ಅದನ್ನು ಘೋಷಣೆ ಮಾಡಿತು. ಆದರೆ ಇತರ ಆಯ್ಕೆಗಳು ಯಾವುವು? ಕಲೆಕ್ಟರ್ ಬರೆದುಕೊಂಡದ್ದು ಒಂದು, ಗಣತಿದಾರ ಬರೆದುಕೊಂಡದ್ದು ಇನ್ನೊಂದು. ಆ ಎರಡರ ಮುಂದೆ ಪೋಷಕರ ಘೋಷಣೆಯೇ ಮೇಲೆಂದು ನಮ್ಮ ಅಭಿಪ್ರಾಯ. ತೊಂದರೆ ಇರುವುದು ಬೇರೆ ಕಡೆ. ರದ್ದಾದದ್ದು ಖಾಸಗಿ ಅನುದಾನರಹಿತ ಶಾಲೆಗಳ ಮೇಲಿನ ಕಟ್ಟಳೆ. ಹೊಸಪೇಟೆಯಲ್ಲಿ ಶುಲ್ಕ ಕೊಡಬಲ್ಲ ಮನೆಯವರಿಗೆ ಘೋಷಣೆಯ ಫಲ ಸಿಕ್ಕಿತು. ಸರ್ಕಾರಿ ಶಾಲೆಯ ಮಗುವಿಗೆ ಮಾಧ್ಯಮವನ್ನು ಗೊತ್ತುಮಾಡುವವರು ಮೊದಲಿನವರೇ. 2019–20ರಲ್ಲಿ ರಾಜ್ಯದ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಲು ಹೊರಟಾಗಲೂ ನಿರ್ಧಾರ ಬಂದದ್ದು ಮೇಲಿನಿಂದಲೇ. ಅಲ್ಲದೆ, ಪೋಷಕರು ಬರೆಸುವುದೂ ಒಂದೇ ಪದ. ದಖನಿ ಆಡುವ ಮನೆಯವರು ‘ಉರ್ದು’ ಎಂದು ಬರೆಸುತ್ತಾರೆ. ‘ನಕ್ಕೊ’ ಎಂದು ನಿರಾಕರಿಸುವ, ಕನ್ನಡದ ‘ಎಂದು’, ತೆಲುಗಿನ ‘ಅನಿ’ ನಿಲ್ಲುವ ಜಾಗದಲ್ಲೇ ‘ಬೋಲ್ಕೆ’ಯನ್ನು ನಿಲ್ಲಿಸುವ ದಖನಿಗೂ ಪಠ್ಯದ ಉರ್ದುವಿಗೂ ಇರುವ ದೂರವನ್ನು, ಬಹುಶಃ, 1823ರ ಕಲೆಕ್ಟರ್ ಗುರುತಿಸುತ್ತಿದ್ದರು.

ಈ ಕಥೆ ಅತಿ ವಕ್ರವಾಗುವುದು ಸಂಡೂರಿನ ತಾಂಡಾಗಳಲ್ಲಿ. ಸುಶೀಲಾನಗರದಂಥ ತಾಂಡಾಗಳ ಹೆಂಗಸರ ಕಸೂತಿಗೆ 2010ರಲ್ಲಿ ‘ಸಂಡೂರು ಲಂಬಾಣಿ ಕಸೂತಿ’ ಎಂಬ ಹೆಸರಿನಲ್ಲೇ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆ ಹೆಂಗಸರ ಮನೆಮಾತಿಗೆ ಅಂಥ ಸ್ವಂತ ಹೆಸರಿನ ಮಾನ್ಯತೆ ಇಲ್ಲ. ಗ್ರಿಯರ್ಸನ್ನರ ಭಾಷಾ ಸಮೀಕ್ಷೆ ಲಂಬಾಣಿಯನ್ನು ತನ್ನ ಒಂಬತ್ತನೆಯ ಸಂಪುಟದಲ್ಲಿ ಭೀಲಿ ಭಾಷೆಗಳ ಜೊತೆ ವಿವರಿಸಿತು. ರೊನಾಲ್ಡ್ ಟ್ರೇಲ್ 1970ರಲ್ಲಿ ಅದರ ವ್ಯಾಕರಣವನ್ನು ಪ್ರಕಟಿಸಿದರು. ಆದರೂ ಭಾರತದ ಜನಗಣತಿ ‘ಲಮಾಣಿ/ಲಂಬಾಡಿ’ಯನ್ನು ಹಿಂದಿಯ ಅಡಿಯಲ್ಲಿ ಸೇರಿಸುತ್ತದೆ, 2011ರಲ್ಲಿ ಹೀಗೆ ಹಿಂದಿಯ ಲೆಕ್ಕಕ್ಕೆ ಹೋದವರು 32 ಲಕ್ಷಕ್ಕೂ ಹೆಚ್ಚು. ಅಂಕಿಯ ಪ್ರಕಾರ ತಾಂಡಾದ ಮಗು ಹಿಂದಿಯದು, ಶಾಲೆಯ ಪ್ರಕಾರ ಕನ್ನಡದ್ದು. ಮಗು ಇವೆರಡನ್ನೂ ಹೊರಗಿನಿಂದಲೇ ಕಲಿಯಬೇಕು.

ಇದು ಅನಿವಾರ್ಯವಲ್ಲ ಎಂಬುದಕ್ಕೆ ಪಕ್ಕದ ರಾಜ್ಯವೇ ಸಾಕ್ಷಿ. ಆಂಧ್ರಪ್ರದೇಶ 2004ರಲ್ಲಿ ಕೈಗೊಂಡ ಬಹುಭಾಷಾ ಶಿಕ್ಷಣದ ಪ್ರಯೋಗದಲ್ಲಿ ಆರಿಸಿಕೊಂಡ ಎಂಟು ಭಾಷೆಗಳಲ್ಲಿ ಲಂಬಾಡಿಯೂ ಒಂದಾಗಿತ್ತು. ಮೊದಲ ತರಗತಿಗಳ ವಾಚಕಗಳನ್ನು ತೆಲುಗು ಲಿಪಿಯಲ್ಲಿ ಸಿದ್ಧಪಡಿಸಲಾಯಿತು. ಒಡಿಶಾ ಸ್ವಲ್ಪ ಕಾಲದ ನಂತರ ಹತ್ತು ಬುಡಕಟ್ಟು ಭಾಷೆಗಳಲ್ಲಿ ಇಂಥದನ್ನು ಆರಂಭಿಸಿತು. ಇದೇ ಭಾಷೆ ಕರ್ನಾಟಕದ ಶಾಲೆಗೆ ಏಕೆ ಬರಲಿಲ್ಲ? ನಮ್ಮ ಊಹೆಯಂತೆ ಕಾರಣ ಭಾಷೆಯಲ್ಲಿಲ್ಲ, ಪಟ್ಟಿಯಲ್ಲಿದೆ. ಆಂಧ್ರದಲ್ಲಿ ಲಂಬಾಡಿಗಳು ಪರಿಶಿಷ್ಟ ಪಂಗಡ, ಆದ್ದರಿಂದ ‘ಬುಡಕಟ್ಟು ಮಕ್ಕಳ ಭಾಷೆ’ ಎಂಬ ಯೋಜನೆಯ ಬಾಗಿಲು ಅವರಿಗೆ ತೆರೆದಿತ್ತು. ಕರ್ನಾಟಕದಲ್ಲಿ ಅದೇ ಜನ ಪರಿಶಿಷ್ಟ ಜಾತಿ; ಆ ಪಟ್ಟಿಗೆ ಹಾಸ್ಟೆಲು, ವಿದ್ಯಾರ್ಥಿವೇತನಗಳು ಜೋಡಣೆಯಾಗಿವೆ, ಭಾಷೆ ಜೋಡಣೆಯಾಗಿಲ್ಲ. ಮಾತೃಭಾಷೆಯ ಮಾಧ್ಯಮವನ್ನು ‘ಕಾರ್ಯಸಾಧ್ಯವಾದಷ್ಟು ಮಟ್ಟಿಗೆ’ ಒದಗಿಸಬೇಕೆನ್ನುವ 2009ರ ಶಿಕ್ಷಣ ಹಕ್ಕು ಕಾಯ್ದೆಯ ಮಾತು ಎರಡೂ ರಾಜ್ಯಗಳಿಗೆ ಸಮಾನವಾಗಿ ಅನ್ವಯಿಸುತ್ತದೆ.

1822ರ ನಮೂನೆ ಜಾತಿಯನ್ನು ಕೇಳಿ ಭಾಷೆಯನ್ನು ಕೇಳಲಿಲ್ಲವೆಂದು ಮೇಲೆ ಹೇಳಿದೆವು. ಇಂದಿನ ಶಾಲಾ ದಾಖಲಾತಿ ಎರಡನ್ನೂ ಕೇಳುತ್ತದೆ, ಅಕ್ಕಪಕ್ಕದ ಕಾಲಮುಗಳಲ್ಲಿ. ಈ ಸೀಮೆಯ ಶಾಲೆಗಳ ದಾಖಲಾತಿ ಪುಸ್ತಕಗಳು ಖಾಯಂ ದಾಖಲೆಗಳು. ಹಳೆಯ ಶಾಲೆಗಳಲ್ಲಿ ಅವು ತಲೆಮಾರುಗಳಷ್ಟು ಹಿಂದಕ್ಕೆ ಹೋಗುತ್ತವೆ. ಸಂಡೂರಿನಲ್ಲಿ ಸಂಸ್ಥಾನದ, ಹೊಸಪೇಟೆ, ಕಂಪ್ಲಿಗಳಲ್ಲಿ ಮದರಾಸಿನ, ಆಮೇಲೆ ಎಲ್ಲೆಡೆ ಮೈಸೂರಿನ ನಮೂನೆಗಳು ಒಂದರ ಮೇಲೊಂದು ಬಂದ ಕ್ರಮವನ್ನು ಅವುಗಳಿಂದ ಕಟ್ಟಿಕೊಡಬಹುದು: ಭಾಷೆಯ ಕಾಲಂ ಯಾವಾಗ ಹುಟ್ಟಿತು, ಒಂದೇ ಮನೆಯ ಅಣ್ಣನಿಗೂ ತಮ್ಮನಿಗೂ ಬೇರೆ ಬೇರೆ ಭಾಷೆ ಬರೆದದ್ದುಂಟೇ, ‘ಲಂಬಾಣಿ’ ಎಂಬ ಪದ ಯಾವ ವರ್ಷ ಜಾತಿಯ ಕಾಲಮಿನಿಂದ ಭಾಷೆಯ ಕಾಲಮಿಗೆ ದಾಟಿತು, ದಾಟಿತೇ ಇಲ್ಲವೇ. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ಮೇಲೆ ಹೊಸಪೇಟೆ, ಹಂಪಿಗಳು ಅದಕ್ಕೆ ಸೇರಿವೆ. ಸಂಡೂರು, ಕಂಪ್ಲಿಗಳು ಬಳ್ಳಾರಿ ಜಿಲ್ಲೆಯಲ್ಲೇ ಇವೆ. ಈ ಕೆಲಸಕ್ಕೆ ಹೊರಡುವ ಸಂಶೋಧಕರು ಇನ್ನು ಮೇಲೆ ಎರಡು ಜಿಲ್ಲೆಗಳ ಉಪನಿರ್ದೇಶಕರ ಕಚೇರಿಗಳಿಂದ ಅನುಮತಿ ಪಡೆಯಬೇಕಾಗುತ್ತದೆ.